ಕುರ್ಚಿ ಹೊತ್ತು ಒಂದು ಸುತ್ತು

ನಮ್ಮ ಮಾನಿಸಾಲೆಸಿನಲ್ಲಿ ವರ್ಷ ತಿರುಗುವ ರಾತ್ರಿ
ಖಾಲಿ ಸೂಟ್‌ಕೇಸ್ ಹಿಡಿದು ಬೀದಿ ಸುತ್ತುತ್ತಾರೆ.
ಬಿರುಸಾಗಿ ಸುತ್ತಿದಷ್ಟೂ ದೂರ ಹೋಗುತ್ತಾರಂತೆ ಬರುವ ವರ್ಷ.
ಎಂಬತ್ತು ದಾಟಿದ ದೋನ್ಯಾ ರೊಸಾಲ್ಬಾ
ಚಕ್ರ ಮುರಿದ ಪೆಟ್ಟಿಗೆ ಎಳೆದೂ ಎಳೆದೂ
ಇನ್ನೂ ಸಮುದ್ರ ನೋಡಿಲ್ಲ.

ನನ್ನ ಪೆಟ್ಟಿಗೆ ಖಾಲಿಯಾದದ್ದೇ ಇಲ್ಲ.
ಬಾಗಿಲ ಹಿಂದೆ, ನಾಯಿಯ ಹಾಗೆ, ಸದಾ ಹೊರಡಲು ಸಿದ್ಧ:
ಎರಡು ಜೊತೆ ಸಮವಸ್ತ್ರ, ಹಲ್ಲುಜ್ಜುವ ಬ್ರಷ್ಷು,
ಕಾಫಿ ಪುಡಿ, ದುವಾನನ ಒಂಟಿ ಕಾಲುಚೀಲ.
ಹೇಗೆ ಬಂದು ಸೇರಿತೋ, ತೆಗೆದಿಡಲು ಕೈ ಬರಲಿಲ್ಲ.
ಈಗದು ಅವನ ಹೆಬ್ಬೆರಳಿಗೂ ಸಾಲದು.

ಬಸ್ಸು ಓಡಿಸುತ್ತೇನೆ. ಹನ್ನೊಂದು ವರ್ಷ.
ಮೊದಮೊದಲು ಜನ ಹತ್ತಿ, ನನ್ನ ಮುಖ ನೋಡಿ,
ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುತ್ತಿದ್ದರು.
ಈಗ ಹತ್ತಿದ ಕೂಡಲೇ ಗೊರಕೆ.
ಇದಕ್ಕಿಂತ ದೊಡ್ಡ ಬಿರುದು ಯಾರು ಕೊಟ್ಟಾರು?

ಡಿಸೆಂಬರ್ ಇಪ್ಪತ್ತೆಂಟಕ್ಕೆ ಅರ್ಬೆಲಾಯೆಸ್ ಸಾಹೇಬರು ಕರೆದರು.
ನಮ್ಮಲ್ಲಿ ಅದು ಒಬ್ಬರನ್ನೊಬ್ಬರು ಮಂಗ ಮಾಡುವ ದಿನ,
ತಮಾಷೆಯೆಂದೇ ನಿಂತಿದ್ದೆ.
"ಬೊಗೊತಾದ ರಾತ್ರಿ ಬಸ್ಸು. ಸಂಬಳ ಒಂದೂವರೆ ಪಾಲು.
ಲೆತ್ರಾಸ್ ಘಟ್ಟ ನಿನಗಲ್ಲದೆ ಯಾರಿಗೆ ಕೊಡಲಿ?"
ಲೆತ್ರಾಸ್ ಅಂದರೆ ಅಕ್ಷರಗಳು.
ಮಂಜು ಇಳಿದರೆ ಅಲ್ಲಿ ಒಂದಕ್ಷರವೂ ಓದಲಾಗದು,
ಎಂಜಿನ್ನಿನ ಉಸಿರು ಕೇಳಿ ತಿರುವು ಗುರುತಿಸಬೇಕು.
ನನಗದು ಬೇಕು. ಸುಳ್ಳೇಕೆ,
ಬೇಕೇ ಬೇಕು.

ನೋರ್ಬೆ ಶಾಲೆಯ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದ.
"ಹಾಕು, ಲೆಕ್ಕ ಹಾಕು" ಎಂದ, ತುಟಿಯ ನಡುವೆ ಸೂಜಿ.
ಉದ್ರಿ ಪುಸ್ತಕದ ಕೊನೆಯ ಪುಟದಲ್ಲಿ ಗೆರೆ ಎಳೆದೆ,
ಈ ಕಡೆ ಬಸ್ಸು, ಆ ಕಡೆ ಮನೆ.
ವಾರಕ್ಕೆ ಐದು ರಾತ್ರಿ ಎಂದು ಬರೆದರೆ ಭಾನುವಾರ ಜಿಗಿಯಿತು;
ಭಾನುವಾರ ಹಿಡಿದು ಕೂರಿಸಿದರೆ ಮಾಡಿನ ಹೊಸ ತಗಡು ಜಿಗಿಯಿತು;
ತಗಡು ಹಿಡಿದೆ, ನೋರ್ಬೆಯ ಪಕ್ಕದ ಮಧ್ಯಾಹ್ನದ ನಿದ್ದೆ
ಎಲ್ಲಿ ಬಿತ್ತೋ.
ಕಪ್ಪೆ ತೂಗುವ ಕೆಲಸ.
ದುವಾನ್ ಬಂದು ಆ ಗೆರೆಯ ಮೇಲೇ ಬಸ್ಸಿನ ಚಿತ್ರ ಬರೆದ,
ಕಿಟಕಿಗೆಲ್ಲ ಹೂವಿನ ಪರದೆ, ಮೇಲೊಂದು ಹೊಗೆಗೂಡು.

ಹನ್ನೆರಡು ಬಡಿತ, ಹನ್ನೆರಡು ದ್ರಾಕ್ಷಿ, ಹನ್ನೆರಡು ಬೇಡಿಕೆ.
ದುಡ್ಡು ಒಣಗದಿರಲೆಂದು ಜೇಬಲ್ಲಿ ಒಂದು ಹಿಡಿ ಬೇಳೆ.
ಏಳನೆಯದಕ್ಕೇ ಬೇಡುವುದು ತೀರಿತು,
ಎಂಟರಿಂದ ಬರೀ ಅಗಿದೆ. ಬೀಜ ಕಹಿ.
ಹೊರಗೆ ಚಕ್ರಗಳ ಗಡಗಡ.
"ಯೋಲಿಮಾ, ಬರಲ್ವಾ? ಓ, ನಿನಗ್ಯಾಕೆ ಇನ್ನೂ ಪಯಣ!"
ನಗು.

ಏನು ಹೊಳೆಯಿತೋ. ಬಲಗೈಗೆ ಪೆಟ್ಟಿಗೆ,
ಎಡಗೈಗೆ ಅಡುಗೆಮನೆಯ ಕುರ್ಚಿ,
ಅಪರೂಪಕ್ಕೆ ನಾನು ಕೂತರೆ ಕಿರುಗುಟ್ಟುವ ಕುರ್ಚಿ.
ಹೊರಟೇಬಿಟ್ಟೆ.

ನಮ್ಮೂರಿನ ಬೀದಿಗೆ ಸಮತಟ್ಟು ಅನ್ನುವುದೇ ಗೊತ್ತಿಲ್ಲ.
ಒಂದು ಬದಿ ಏಣಿಯಂಥ ಏರು,
ಇನ್ನೊಂದು ಮೊಣಕಾಲು ಕಳಚುವ ಇಳಿಜಾರು.
ಏರುವಾಗ ಪೆಟ್ಟಿಗೆ ಜಗ್ಗಿತು, ಇಳಿಯುವಾಗ ಕುರ್ಚಿ ಒದೆಯಿತು.
ಕೈ ಬದಲಿಸಿದೆ. ಮತ್ತೆ ಬದಲಿಸಿದೆ.
ಎದಿಲ್ಬರ್ತೊನ ಮಕ್ಕಳು ಎರಡು ಸುತ್ತು ಮುಗಿಸಿ ನನ್ನನ್ನು ದಾಟಿದರು.
ದೋನ್ಯಾ ರೊಸಾಲ್ಬಾ ಕೂಡ ದಾಟಿದಳು.

ಬೇಕರಿಯ ಮೂಲೆಯಲ್ಲಿ ಕುರ್ಚಿ ಇಳಿಸಿ ಕೂತೆ,
ನಡುಬೀದಿಯಲ್ಲಿ, ಪೆಟ್ಟಿಗೆಯ ಮೇಲೆ ಕಾಲು ಚಾಚಿ.
ಪಟಾಕಿ ಹೊಗೆಗೆ ಬೆಟ್ಟ ಕಾಣಲಿಲ್ಲ.
ನೋರ್ಬೆ ಬಂದ, ಅಳತೆಪಟ್ಟಿ ಇನ್ನೂ ಕುತ್ತಿಗೆಯಲ್ಲಿ.
"ಎಷ್ಟು ರಾತ್ರಿ?"
"ಮೂರು. ಕೇಳಿ ನೋಡುತ್ತೇನೆ. ಕೊಡದಿದ್ದರೆ..."

ಅವನು ಪೆಟ್ಟಿಗೆ ಎತ್ತಿಕೊಂಡ.
ದುವಾನ್ ಕುರ್ಚಿಗೆ ಕೈ ಹಾಕಿದ, "ಏಳಮ್ಮ, ಇನ್ನೂ ಅರ್ಧ ಸುತ್ತು ಇದೆ."
ಎದ್ದೆ. ಹಿಂದೆ ನೋಡಿದರೆ ಬೀದಿಯುದ್ದಕ್ಕೂ ಬೇಳೆ,
ಕಾಳು ಕಾಳಾಗಿ, ನಾನು ಬಂದ ದಾರಿ.
ದರ್ಜಿಯ ಹೆಂಡತಿಯ ಜೇಬಿಗೇ ತೂತು!
ಹೊಲಿಸಬೇಕು.
ಅದನ್ನೂ ಬರೆದಿಡಬೇಕು ಈ ವರ್ಷಕ್ಕೆ.