ಅಲ್ಗೊದೋನ್

ಜುಲೈದಾಗ ಏಳು ಮಂದಿ ಇದ್ವಿ.
ದೀಪಾವಳಿ ಸೂಟಿ ಮುಗಿಸಿ ಬಂದಾಗ ಮೂವರು.
ಲೈಬ್ರರಿ ಹಿಂದಿನ ಖೋಲಿ, ದಕ್ಷಿಣ ಧ್ರುವ ಮುರಿದ ಗ್ಲೋಬು,
ಸಂಜೀ ನಾಲ್ಕಕ್ಕ ಸ್ಪ್ಯಾನಿಶ್.
ಬೆಲ್ ಹೊಡೀತು ಅಂದ್ರ ಚೀಲಾ ಹೆಗಲಿಗೆ ಹಾಕಿ ಓಡಬೇಕು ನಾನು,
ಹುಬ್ಬಳ್ಯಾಗ ಅಣ್ಣಿಗೇರಿ ಬಸ್ಸು ಯಾರನ್ನೂ ಕಾಯೂದಿಲ್ಲ.

"ಅದನ್ನ ಓದಿದ್ರ ಏನ್ ಆಗ್ತದ ತಂಗಿ?" ಕಂಡಕ್ಟರ್ ಸಹಿತ ಕೇಳ್ಯಾನ.
ನಂಗೂ ಗೊತ್ತಿಲ್ಲ.
ಹಿಂದಿ ಭರ್ತಿ ಆಗಿತ್ತು. ಇದರಾಗ ಸೀಟು ಇತ್ತು.

ಕಲಸಾಕ ಬೆನೆಡಿಕ್ಟಾ ಅಕ್ಕೋರು. ಹೊನ್ನಾವರದವರು,
ಇಪ್ಪತ್ತೆರಡು ವರ್ಷ ಬೊಲಿವಿಯಾದಾಗ ನರ್ಸ್ ಆಗಿದ್ರಂತ.
ಮೊಣಕಾಲು ಹೋಗ್ಯಾವ. ಕುರ್ಚಿ ಮ್ಯಾಲ ಕುಂತೇ
ಕೈ ಮುಟ್ಟೂವಷ್ಟು ಬರೀತಾರ; ಹಿಂಗಾಗಿ
ನಮ್ಮ ವ್ಯಾಕರಣ ಎಲ್ಲಾ ಬೋರ್ಡಿನ ಕೆಳಗಿನ ಅರ್ಧದಾಗ ಅದ.

ಆ ಭಾಷಾದಾಗ 'ಇರೂದು' ಎರಡು.
ಸೇರ್ ಒಂದು, ಎಸ್ತಾರ್ ಇನ್ನೊಂದು.
ಸಂಗಮನಾಥ ಹೆಬಸೂರ ಇಂಗ್ಲಿಷ್ ಕಲ್ಲು ಇಟ್ಟು ತೂಗಿ ನೋಡಿದ,
ತಕ್ಕಡಿ ಏಳಲಿಲ್ಲ.
ಅಕ್ಕೋರು ಖಡು ಕೆಳಗಿಟ್ಟು ನನ್ನ ಕಡೆ ತಿರುಗಿದ್ರು:
"ಇದು ಪುಸ್ತಕ ಅಲ್ಲ. ಇಲ್ಲಿ ಪುಸ್ತಕ ಇಲ್ಲ.
ಯಾವತ್ತಾದರೂ ಅದಲುಬದಲು ಮಾಡಿದ್ದೀಯಾ, ದಾವಲಬಿ?"
ಹುಟ್ಟಿದಾಗಿಂದ ಒಮ್ಮಿನೂ ಇಲ್ಲರೀ.
"ಹಾಗಾದರೆ ಅರ್ಧ ಬಂತು ನಿನಗೆ.
ನೀವು 'ಅಲ್ಲ'ದ ಮುಂದೆ ಎಷ್ಟು ಜೋಪಾನವೋ
ಅವರು 'ಹೌದು'ವಿನ ಮುಂದೆ ಅಷ್ಟು."
ಅಷ್ಟ ಹೇಳಿ ಹಾಜರಿ ತಗೊಂಡ್ರು.

ಹದಿನಾಲ್ಕನೇ ಪಾಠ, ಮನೀ ಸಾಮಾನು.
ಅಲ್ಮೊಆದಾ ಅಂದ್ರ ತೆಲಿದಿಂಬು.
ಅಲ್ಗೊದೋನ್ ಅಂದ್ರ ಹತ್ತಿ.
ಸಾವಿರ ವರ್ಷದ ಹಿಂದ ಅರಬರು ಬಿಟ್ಟುಹೋದ ಶಬ್ದಗೋಳಂತ.
"ನದಾಫ್ ಅನ್ನುವುದೂ ಅರಬ್ಬೀನೇ,
ಹತ್ತಿ ಹಿಂಜುವವನು" ಅಂದ್ರು ಅಕ್ಕೋರು, ನೆಟ್ಟಗ ನೋಡಲಿಲ್ಲ.
ಹಾಜರಿ ಪುಸ್ತಕದಾಗ ಹತ್ತೊಂಬತ್ತು ವರ್ಷ ಸುಮ್ಮನ ಬಿದ್ದ ಅಡ್ಡಹೆಸರು
ಮೈ ಮುರದು ಎದ್ದು ಕುಂತಂಗಾತು.

ಮನ್ಯಾಗ ಕಮಾನು ಗ್ವಾಡಿಗೆ ತೂಗತದ.
ಫೋಮಿನ ಗಾದಿ ಸಂತಿಗೆ ಬಂದ ವರ್ಷ ಅಪ್ಪ ಅದನ್ನ ಮ್ಯಾಲ ಹಾಕಿದಾ.
ಈಗ ಜಿನ್ನಿಂಗ್ ಫ್ಯಾಕ್ಟರಿ ಗೇಟಿನ್ಯಾಗ ರಾತ್ರಿ ಪಾಳಿ, ಒಂದು ಸೀಟಿ, ಒಂದು ಬ್ಯಾಟರಿ.

ಬಾಯಿ ಪರೀಕ್ಷಾದಾಗ ಕೇಳಿದ್ರು: ನಿನ್ನ ತಂದೆ ಏನು?
ಕಾವಲುಗಾರ ಅನ್ನೂ ಶಬ್ದಾ ರಾತ್ರಿನ ಬಾಯಿಪಾಠ ಮಾಡಿದ್ದೆ.
ಬರಲಿಲ್ಲ ಅದು. ಸೇರ್ ಹಚ್ಚಿದೆ, 'ಎಸ್' ಅಂದೆ,
ಮುಂದಿನ ಶಬ್ದಾ ಗೊತ್ತಿಲ್ಲ.
ಎಡಗೈಲೆ ಕಮಾನು ಹಿಡದು ಬಲಗೈಲೆ ಬಡದೆ,
ತುಂಯ್, ತುಂಯ್ ಅಂತ ಬಾಯಿಲೆ ಸಪ್ಪಳಾ ಮಾಡಿದೆ.
ಹತ್ತಕ್ಕ ಆರು ಬಿದ್ದುವು.
ಹೊರಗ ಬರೂವಾಗ ಕರದ್ರು:
"ನನಗೊಂದು ದಿಂಬು ಬೇಕು. ಗಟ್ಟಿ. ಅಂಗಡಿಯದು ಕುತ್ತಿಗೆ ತಿನ್ನುತ್ತದೆ."

ರವಿವಾರ ಅಪ್ಪ ಕಮಾನು ಇಳಿಸಿದಾ.
ಜೇಡನ ಬಲಿ ತಗದಾ, ನರಕ್ಕ ಮೇಣ ತಿಕ್ಕಿದಾ,
ಬಡದಾ.
ಓಣಿಯಾಗಿನ ನಾಯಿ ಒಂದು ಎದ್ದು ಬಂದು ಬಾಗಲದಾಗ ನಿಂತು ಕೇಳ್ತು.
"ಏನಂದಿ ಅವರ ಭಾಷಾದಾಗ ಇದಕ್ಕ?"
ಅಲ್ಗೊದೋನ್.
ಹುಬ್ಬಿನ ಮ್ಯಾಲ ಅರಳಿ ಕುಂತಿತ್ತು; ಎರಡು ಸಲ ಅಂದು ನೋಡಿದಾ.
"ಹತ್ತಿಗೆ ವಜ್ಜಾ ಆತಲ್ಲ ಈ ಮಾತು."

ರೊಕ್ಕಾ ಎಷ್ಟ್ ಹೇಳ್ಲಿ?
"ಕಲಿಸಿದವರ ಕಡಿಂದ ತಗೊಳ್ಳೂದೇನು? ಬ್ಯಾಡ ಅನ್ನು.
ಅವರ ಭಾಷಾದಾಗ ಅನ್ನು ಮತ್ತ."

ಸೋಮವಾರ, ಹುಬ್ಬಳ್ಳಿ ದಾಟಿದ ಬಸ್ಸು.
ತೊಡೀ ಮ್ಯಾಲ ದಿಂಬು, ದಿಂಬಿನ ಮ್ಯಾಲ ನೋಟ್‌ಬುಕ್ಕು.
ಅಲ್ಲ ಅನ್ನಾಕ ನೋ ಅದ.
ಇಲ್ಲ ಅನ್ನಾಕೂ ಅದ ನೋ.
ಬ್ಯಾಡ ಅನ್ನಾಕ ಹುಡುಕಿದೆ, ನವಲೂರ ಬಂತು, ಹೋತು,
ಪುಟ ತಿರುವಿದೆ, ಹಿಂದಿನ ರಟ್ಟಿಗೆ ಬಂದೆ.
"ಮ್ಯಾಲ ಇಡ್ಲೇನ್ ತಂಗಿ ಅದನ್ನ?" ಕಂಡಕ್ಟರ್ ಕೈ ಚಾಚಿದ.
ಬ್ಯಾಡ ಅಂದೆ.