ನೀಲಿ ಬೋಕಿ

ಶಹಾಪುರ ಅಗಸಿಯ ಆಚೆ ನಳದ ಪೈಪಿಗೆಂದು
ತೋಡಿದ ತಗ್ಗಿನಲ್ಲಿ ಸಿಕ್ಕಿತು.
ಅಂಗೈಯಷ್ಟೂ ಇಲ್ಲ. ಹೆಂಡತಿ ತೊಳೆದಳು,
ನೀಲಿ ಎದ್ದು ಬಂತು,
ಮುಟ್ಟಿದರೆ ಬೆರಳಿಗೆ ಅಂಟೀತು ಅನ್ನುವ ಹಾಗೆ.

ಅಪ್ಪ ಕಲಾಯಿಗಾರ, ಲಾಡ್ಲೇಸಾಬ.
ಕಣ್ಣು ಮಂದ, ಬೆರಳು ಚುರುಕು.
ಬೋಕಿಯ ಅಂಚು ಸವರಿ ಅಂದ:
"ಹೂಜಿ ಕುತ್ತಿಗಿ ಇದು. ಇಲ್ಲಿ ಹಿಡದು ನೋಡು, ಬಳಿ.
ತಾಮ್ರದಾಗ ಎರಡು ತುಂಡು ಕೂಡಿಸಿದ ಮ್ಯಾಲ
ಬೆಸಿಗಿ ಮುಚ್ಚಾಕ ಬಳಿ ಹಾಕ್ತೀವಿ.
ಮಣ್ಣಿಗ್ಯಾಕ ಬೇಕು ಬೆಸಿಗಿ?
ನಮ್ಮಂಥವ್ರ ಹೂಜಿ ಮುಂದಿಟಗೊಂಡು ಮಾಡ್ಯಾನ ಯಾವನೋ,
ಗಾಯಾನೂ ಬಿಡದಂಗ."

ಗೋಳಗುಮ್ಮಟದ ಮುಂದಿನ ಮ್ಯೂಸಿಯಮ್ಮಿನಲ್ಲಿ
ಹನ್ನೊಂದು ವರ್ಷದಿಂದ ಗಾಜಿನ ಕಪಾಟು ಕಾಯುತ್ತೇನೆ.
ನನಗೂ ಅಷ್ಟಿಷ್ಟು ಗೊತ್ತು:
ಬಿಳಿ ಮಣ್ಣು ಚೀನದವರದು.
ನೀಲಿ, ಇರಾನಿನ ಕಾಶಾನದ ಗುಡ್ಡದ್ದು.
ಕಪ್ಪು ಕಲ್ಲಾಗಿ ಹೋಗಿ
ಅವರ ಬೆಂಕಿಯಲ್ಲಿ ಮುಗಿಲಾಗಿ
ಹಡಗು ಹತ್ತಿ ತಿರುಗಿ ಬಂದದ್ದು,
ಬಂದು ಈ ಬಿಳಿಜೋಳದ ಸೀಮೆಯಲ್ಲಿ
ಯಾರದೋ ಕೈ ಜಾರಿ ಒಡೆದದ್ದು.

ಬಳೆಯ ಕೆಳಗೆ ಅಕ್ಷರಗಳಿದ್ದವು.
ಮೌಲಾನಾ ಬದ್ರೋದ್ದೀನರು ಕನ್ನಡಕ ಏರಿಸಿದರು, ಇಳಿಸಿದರು,
ಬೋಕಿಯನ್ನು ತಲೆಕೆಳಗು ಮಾಡಿದರು.
"ಇದು ಅಲಿಫ್ ಇದ್ದೀತು. ಇದು ಬಾಲ ಇಲ್ಲದ ಮೀಮ್.
ನುಕ್ತಾ ಅಂತೂ ಆಣೇಕಲ್ಲು ಬಿದ್ದಂಗ ಬಿದ್ದಾವ, ಎಲ್ಲಿ ಬೇಕಂದಲ್ಲಿ.
ಬರದವಗ ಓದಾಕ ಬರತಿರಲಿಲ್ಲ ಬಿಡ್ರಿ."
ನಕ್ಕರು. ನಾನೂ ನಕ್ಕೆ.

ರಾತ್ರಿ ಅವ್ವ ನೆನಪಾದಳು. ಅವಳ ರುಜು.
ಸಂಘದ ಪುಸ್ತಕದಲ್ಲಿ ಹೆಬ್ಬೆಟ್ಟು ನಾಚಿಕೆಗೇಡು ಅಂತ
ಪಾಟಿಯ ಮೇಲೆ ನಾನೇ ಬರೆದುಕೊಟ್ಟಿದ್ದೆ: ಜೈತುನಬಿ.
ಒಲೆಯ ಮುಂದೆ ಕುಂತು ತಿಂಗಳುಗಟ್ಟಲೆ
ಮೆಹಂದಿ ಹಾಕುವವಳಂತೆ ಬಿಡಿಸಿದಳು.
ಒಂದು ದಿನ ತಲೆಕಟ್ಟು ಕುಡುಗೋಲಾಗುತ್ತಿತ್ತು,
ಒಂದು ದಿನ 'ಬಿ'ಯ ಹೊಟ್ಟೆ ಬಿಚ್ಚಿಕೊಳ್ಳುತ್ತಿತ್ತು.
ಕೊನೆಗೆ ನನ್ನ ಬಳಪ ಜಾರಿ ಬಿದ್ದ ಒಂದು ಗೆರೆ ಇತ್ತಲ್ಲ,
ಅದನ್ನೂ ಬಿಡದೆ ಎಳೆದಳು, ಸಾಯುವ ತನಕ.
"ಅದು ಬ್ಯಾಡವಾ" ಅಂದರೆ
"ನೀ ಹ್ಯಾಂಗ ಕೊಟ್ಟೀದಿ, ಹಂಗ."

ದೂರದ ಊರಿನ ಅಣ್ಣಾ,
ಗೊತ್ತಿಲ್ಲದ ದೇವರ ಹೆಸರನ್ನು
ತಪ್ಪಾದೀತೆಂದು ಉಸಿರು ಹಿಡಿದು ಬರೆದವನೇ,
ನಕ್ಕದ್ದು ನಿನ್ನನ್ನಲ್ಲ.

ಇದನ್ನು ಸಾಹೇಬರಿಗೆ ಒಪ್ಪಿಸಬೇಕು, ಕಾಯದೆ.
ನಾಳೆ ಶುಕ್ರವಾರ, ಮ್ಯೂಸಿಯಂ ಬಾಗಿಲಿರುವುದಿಲ್ಲ.
ಇನ್ನೊಂದು ದಿನ ಇರಲಿ ಮನೆಯಲ್ಲಿ.
ಕರೆಂಟು ಹೋಗಿದೆ.
ಹೊರಸಿನ ಮೇಲೆ ಅಪ್ಪ
ಆ ಬಳೆಯನ್ನು ಮತ್ತೆ ಮತ್ತೆ ಸವರುತ್ತಿದ್ದಾನೆ,
ಇಲ್ಲದ ಬೆಸುಗೆ ಹುಡುಕುತ್ತ.