ಜಾಯಿಂಟ್ ನಂಬರ್ ನೂರ ಹದಿನೇಳು

ಹಗಲಿನವರು ಬಸ್ಸು ಹತ್ತಿದ ಮೇಲೆ ನಮ್ಮ ಪಾಳಿ.
ರುವೈಸಿನ ಆ ಪೈಪುಗಳ ಪೊದೆಯ ಸುತ್ತ
ಹಳದಿ ಪಟ್ಟಿ ಕಟ್ಟುತ್ತೇವೆ, ನಾನೂ ತಮಾಂಗನೂ.
ಮೂರೆಸಳಿನ ಫಲಕ, ಮಿಣುಕುವ ಕೆಂಪು ದೀಪ.
ಕಾಣುವುದು ಇಷ್ಟೇ.

ಎತ್ತಲು ಇಬ್ಬರು ಬೇಕಾದ ಪೆಟ್ಟಿಗೆಯಲ್ಲಿ
ಮೆಣಸಿನ ಕಾಳಿಗಿಂತ ಸಣ್ಣ ಒಂದು ಇರಿಡಿಯಂ.
ಎಪ್ಪತ್ತನಾಲ್ಕು ದಿನಕ್ಕೆ ಅರ್ಧ ಸಾಯುತ್ತದೆ,
ಉಳಿದರ್ಧ ನಿದ್ದೆ ಮಾಡುವುದಿಲ್ಲ.
ದೂರ ನಿಂತು ಹಿಡಿ ತಿರುಗಿಸುತ್ತೇನೆ.
ಕೇಬಲ್ಲಿನ ತುದಿಗೆ ಅಂಟಿ ಅದು ಹೊರಗೆ ಹೋಗುತ್ತದೆ,
ಮೀಟರ್ ಕಿರಿಚುತ್ತದೆ.
ಬೇರೇನೂ ಆಗುವುದಿಲ್ಲ.
ಒಂದು ನೆರಳು ಕೂಡ ಬೀಳುವುದಿಲ್ಲ ನೆಲದ ಮೇಲೆ.
ಕಡಲ ಕಡೆಯ ಗಾಳಿಗೆ ಪಟ್ಟಿ ಪಟಪಟ ಬಡಿಯುತ್ತದೆ,
ಉಕ್ಕಿನ ಆಚೆ ಕಟ್ಟಿದ ಫಿಲ್ಮು
ಕತ್ತಲಲ್ಲಿ ಕಣ್ಣು ಬಿಟ್ಟಿರುತ್ತದೆ.

ಹಗಲು ಇದನ್ನು ಬೆಸೆದವನು ಶಿರ್ವದ ಫೌಸ್ತಿನ್ ಕ್ರಾಸ್ತಾ.
ಅವನದು ಅರ್ಧ ಮೈಲಿಗೂ ಕಾಣುವ ಬೆಳಕು,
ಆದರೆ ನೋಡಬಾರದ ಬೆಳಕು.
ಮೆಸ್ಸಿನಲ್ಲಿ ಖುಬೂಸ್ ಹರಿಯುತ್ತ ನನ್ನನ್ನು ಕೆಣಕುತ್ತಿದ್ದ:
'ನಿಂದು ಕಳ್ಳ ಬೆಳಕು ಮಾರಾಯ,
ಬಾಗಿಲು ತಟ್ಟದೆ ಒಳಗೆ ಹೋಗುವಂಥದ್ದು.'
ನಿನ್ನದೇನು ಸಾಚಾವಾ, ಎನ್ನುತ್ತಿದ್ದೆ,
ಅದರೊಳಗೂ ಒಂದು ಕೂತಿದೆ, ನೇರಳೆಗೂ ಆಚೆಯದು,
ನೀನು ಕಪ್ಪುಗಾಜು ಎತ್ತುವುದನ್ನೇ ಕಾಯುತ್ತ.
ಅವನಿಗೆ ಅದು ಗೊತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ
ರೆಪ್ಪೆಯೊಳಗೆ ಮರಳು ಉಜ್ಜಿದಂಥ ಎಷ್ಟು ರಾತ್ರಿ
ಬಟಾಟೆ ಹೋಳು ಇಟ್ಟು ಬಟ್ಟೆ ಕಟ್ಟಿ ಮಲಗಿದ್ದನೋ.

ಡಾರ್ಕ್‌ರೂಮ್ ಎಂದರೆ ಒಂದು ಹಳೆ ಕಂಟೇನರ್.
ಒಳಗೆ ಕೆಂಪು ಬಲ್ಬು. ಫಿಲ್ಮಿಗೆ ಕೆಂಪು ಕಾಣುವುದಿಲ್ಲ.
ಅದಕ್ಕೂ ಒಂದು ಕುರುಡು ಉಂಟು,
ಆ ಕುರುಡಿನ ದಯೆಯಲ್ಲಿ ನಮಗೆ ಕೈ ಕಾಲು ಕಾಣುತ್ತದೆ.
ತೊಟ್ಟಿಯ ನೀರಲ್ಲಿ ಅಲ್ಲಾಡಿಸಿ ಎತ್ತಿದರೆ
ಬೆಸುಗೆ ಮೆಲ್ಲಗೆ ಮೇಲೆ ಬರುತ್ತದೆ,
ಸೀಸದ ಅಂಕಿಗಳ ಜೊತೆ: ಒಂದು, ಒಂದು, ಏಳು.

ಈ ಕಸುಬಿನಲ್ಲಿ ಎಲ್ಲ ತಲೆಕೆಳಗು.
ಬೆಳಕು ಹೆಚ್ಚು ಹಾದುಹೋದಲ್ಲಿ ಹೆಚ್ಚು ಕಪ್ಪು.
ಎಳ್ಳು ಚೆಲ್ಲಿದ ಹಾಗೆ ಚುಕ್ಕೆಗಳಿದ್ದವು, ಅದಿರಲಿ,
ಗಾಳಿ ಹೊಕ್ಕರೆ ಯಾರಿಗೂ ಆಗುತ್ತದೆ.
ಆದರೆ ಬೆಸುಗೆಯೇ ಸೇರುವೆ ಬಿಟ್ಟು ಎಡಕ್ಕೆ ಸರಿದಿತ್ತು,
ನಾಲ್ಕು ಬೆರಳಿನಷ್ಟು ದೂರ,
ಮತ್ತೆ ನೆನಪಾಗಿ ಹಾದಿಗೆ ಬಂದಿತ್ತು.
ನೂರ ಒಂಬತ್ತರಲ್ಲೂ ಹೀಗೇ. ನೂರ ಹನ್ನೆರಡರಲ್ಲೂ.
ಪೈಪಿನ ಒಳಗನ್ನು ನೋಡಲೆಂದು ಕಳಿಸಿದ ಬೆಳಕು
ಅವನ ಕಣ್ಣಿನ ಒಳಗನ್ನು ತಂದು
ನನ್ನ ಕೈಯಲ್ಲಿ ಒದ್ದೆಯಾಗಿ ಇಟ್ಟಿತ್ತು.

ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ತಮಾಂಗ ಏನೂ ಕೇಳಲಿಲ್ಲ.
ಆ ಪೈಪಿನಲ್ಲಿ ಹೋಗುವುದು ನೀರಲ್ಲ, ಗ್ಯಾಸು.
ರಿಪೇರ್ ಎಂದು ಬರೆದೆ.

ಬೆಳಿಗ್ಗೆ ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡೇ ಬಂದ.
'ತೋರಿಸು.'
ಬಿಳಿ ದೀಪದ ಪೆಟ್ಟಿಗೆಗೆ ಫಿಲ್ಮು ಆನಿಸಿದೆ.
'ಎಲ್ಲಿ?'
ಬೆರಳಿಟ್ಟೆ.
ಮುಖ ಹತ್ತಿರ ತಂದ, ದೂರ ಒಯ್ದ,
ಉಸಿರಿಗೆ ಫಿಲ್ಮು ಮಂಜಾಗಿ ತಿಳಿಯಾಯಿತು.
'ಎಲ್ಲಿ?'
ಎರಡನೇ ಸಲದ ಆ ಸ್ವರ ಕೆಣಕುವವನದಲ್ಲ.
ಅವನ ತೋರುಬೆರಳನ್ನು ಹಿಡಿದು ಅಲ್ಲಿಗೇ ಒಯ್ದೆ.
ಫಿಲ್ಮು ನುಣುಪು. ಬೆರಳಿಗೆ ಏನು ಸಿಗುತ್ತದೆ?
'ಸರಿ' ಎಂದ. 'ಸರಿ ಉಂಟು.'

ಕಣ್ಣಿನ ಪೊರೆ ತೆಗೆಯುವ ತಾರೀಕು ಸಿಗುವ ತನಕ
ಕಂಪನಿ ಅವನನ್ನು ಟೂಲ್ ರೂಮಿನಲ್ಲಿ ಕೂರಿಸಿತು.
ಶುಕ್ರವಾರ ಕ್ಯಾಂಪಿನಲ್ಲಿ ಟೀವಿ ಮುನಿಸಿಕೊಂಡಾಗ
ರಿಮೋಟಿನ ಬ್ಯಾಟರಿ ಸತ್ತಿದೆ ಎಂದು ಬೈಯುತ್ತಿದ್ದ.
ನನ್ನ ಫೋನಿನ ಕ್ಯಾಮೆರಾ ತೆರೆದು ಅವನ ಮುಂದೆ ಹಿಡಿದೆ:
ಈಗ ಗುಂಡಿ ಒತ್ತು.
ಪರದೆಯ ಮೇಲೆ, ರಿಮೋಟಿನ ಮೂತಿಯಲ್ಲಿ,
ತಿಳಿ ನೇರಳೆಯ ಒಂದು ಕಿಡಿ ರೆಪ್ಪೆ ಬಡಿಯಿತು.
ಬರಿಗಣ್ಣಿಗೆ ನನಗೂ ಇಲ್ಲ ಅವನಿಗೂ ಇಲ್ಲ.
'ಹೇ,' ಎಂದ ಫೌಸ್ತಿನ್, 'ಇದು ಕಾಣ್ತದೆ!'

ಮತ್ತೆ ಒತ್ತಿದ. ಮತ್ತೆ.
ಟೀವಿಯಲ್ಲಿ ಚಾನೆಲ್ ಬದಲಾಗಲಿಲ್ಲ.
ಅವನು ಅತ್ತ ನೋಡಲೂ ಇಲ್ಲ.